ಮೊಣಕೈಗೆ ಬೆಲ್ಲ: ಕೆ ಎಷ್ಟು ಅಂತ ಹೇಳಬೇಕಾದ್ದು ಯಾರು?

ಪ್ರಾಜೆಕ್ಟ್ ರಿವ್ಯೂಗಳ ಕಾಲ ಬಂತು ಅಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಒಂದರ ಹಿಂದೊಂದು ಪಿಪಿಟಿಯಲ್ಲಿ ಅದೇ ಚಿತ್ರ ಕಾಣಿಸಿಕೊಳ್ಳುತ್ತೆ. ಎಡಗಡೆ ಎತ್ತರದಿಂದ ಜಾರಿ, ನಡುವೆ ಬಾಗಿ, ಬಲಗಡೆ ಮಟ್ಟಸವಾಗಿ ಮಲಗುವ ಒಂದು ಗೆರೆ. ಬಾಗಿದ ಜಾಗಕ್ಕೆ ಒಂದು ಕೆಂಪು ವೃತ್ತ. ಕೆಳಗೆ ಒಂದು ಸಾಲು: "ಎಲ್ಬೋ ಮೆಥಡ್ ಪ್ರಕಾರ ಕೆ = 3". ಡೇಟಾ ಅಂಗಡಿ ಗಿರಾಕಿಗಳದ್ದಾಗಿರಲಿ, ಮಣ್ಣಿನ ಸ್ಯಾಂಪಲ್‌ಗಳದ್ದಾಗಿರಲಿ, ವಿದ್ಯಾರ್ಥಿಗಳ ಮಾರ್ಕ್ಸೇ ಆಗಿರಲಿ, ಕೆ ಮಾತ್ರ ಮೂರು, ತಪ್ಪಿದರೆ ನಾಲ್ಕು. "ಯಾಕಪ್ಪಾ ಮೂರು?" ಅಂತ ಎಕ್ಸಾಮಿನರ್ ಕೇಳಿದರೆ ಸಿಗುವ ಉತ್ತರವೂ ಒಂದೇ: "ಗ್ರಾಫ್‌ನಲ್ಲೇ ಕಾಣ್ತಿದೆಯಲ್ಲ ಸರ್."

ನಮ್ಮ ಅಭಿಪ್ರಾಯವನ್ನ ಸುತ್ತಿ ಬಳಸದೆ ಹೇಳಿಬಿಡ್ತೀವಿ. ಗ್ರಾಫ್‌ನಲ್ಲಿ ಅದು ಕಾಣಲ್ಲ. ಗುಂಪುಗಳ ಗುಣಮಟ್ಟ ಅಳೆಯೋಕೆ ಇರುವ ಯಾವ ಸ್ಕೋರೂ ಕೆ ಎಷ್ಟು ಅಂತ ತೀರ್ಪು ಕೊಡಲ್ಲ, ಸಾಕ್ಷಿ ಹೇಳುತ್ತೆ ಅಷ್ಟೇ. ತೀರ್ಪು ಕೊಡಬೇಕಾದವರು ಗುಂಪು ಮಾಡೋಕೆ ಹೊರಟ ನಾವು. ಯಾಕೆ ಆ ತೀರ್ಪು ಅಂತ ಬರೆದಿಡಬೇಕಾದವರೂ ನಾವೇ. ಇದನ್ನ ಮರೆತರೆ ಎಲ್ಬೋ ಮೆಥಡ್ ಅನ್ನೋದು ಮೊಣಕೈಗೆ ಹಚ್ಚಿದ ಬೆಲ್ಲ ಆಗುತ್ತೆ: ಕಣ್ಣಿಗೆ ಕಾಣುತ್ತೆ, ವಾಸನೆಯೂ ಬರುತ್ತೆ, ನಾಲಿಗೆಗೆ ಮಾತ್ರ ಎಟುಕಲ್ಲ.

ಆರು ಮನೆಗಳ ಲೆಕ್ಕ

ಸಿವಿಲ್, ಮೆಕ್ಯಾನಿಕಲ್ ಗೆಳೆಯರಿಗಾಗಿ ಮೊದಲು ಬುಡದಿಂದ ಶುರು ಮಾಡೋಣ. ಲೇಬಲ್ ಇಲ್ಲದ ಡೇಟಾದಲ್ಲಿ ಹತ್ತಿರದ್ದನ್ನ ಹತ್ತಿರದ್ದರ ಜೊತೆ ಸೇರಿಸಿ ಗುಂಪು ಮಾಡೋದು ಕ್ಲಸ್ಟರಿಂಗ್. ಇದರಲ್ಲಿ ಎಲ್ಲರೂ ಮೊದಲು ಕಲಿಯೋದು ಕೆ-ಮೀನ್ಸ್. ಅದಕ್ಕೆ ಎಷ್ಟು ಗುಂಪು ಬೇಕು ಅಂತ ನಾವೇ ಮುಂಚೆ ಹೇಳಬೇಕು. ಆ ಸಂಖ್ಯೆಯೇ ಕೆ. ಹೇಳಿದಷ್ಟು ಗುಂಪು ಅದು ಮಾಡಿಕೊಡುತ್ತೆ. ಮೂರು ಅಂದ್ರೆ ಮೂರು, ಹದಿನೇಳು ಅಂದ್ರೆ ಹದಿನೇಳು. "ಇಷ್ಟು ಗುಂಪು ಇಲ್ಲಿ ಇಲ್ಲ ಕಣಪ್ಪಾ" ಅಂತ ಅದು ಯಾವತ್ತೂ ಹೇಳಲ್ಲ.

ಒಂದೇ ನೇರ ರಸ್ತೆಯಲ್ಲಿ ಆರು ಜನ ಗೆಳೆಯರ ಮನೆ ಇದೆ ಅಂತಿಟ್ಟುಕೊಳ್ಳಿ. ಕಾಲೇಜಿನಿಂದ 1, 2, 3, 10, 11, 12 ಕಿಲೋಮೀಟರ್. ಇಲ್ಲಿ ಎರಡು ಗುಂಪಿದೆ ಅನ್ನೋಕೆ ಕಂಪ್ಯೂಟರ್ ಬೇಡ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆದರೂ ಲೆಕ್ಕ ಹಾಕೋಣ. ಪ್ರತಿ ಮನೆ ತನ್ನ ಗುಂಪಿನ ಸರಾಸರಿಯಿಂದ ಎಷ್ಟು ದೂರ ಇದೆಯೋ ಅದನ್ನ ವರ್ಗ ಮಾಡಿ ಕೂಡಿಸಿದರೆ ಬರೋದೇ ಇನರ್ಷಿಯಾ. ಎಲ್ಲವೂ ಒಂದೇ ಗುಂಪು ಅಂದ್ರೆ ಅದು 125.5. ಎರಡು ಗುಂಪು ಮಾಡಿದರೆ ಧೊಪ್ಪನೆ 4ಕ್ಕೆ ಇಳಿಯುತ್ತೆ. ಮೂರು ಮಾಡಿದರೆ 2.5. ಆರು ಮನೆಗೆ ಆರು ಗುಂಪು ಮಾಡಿದರೆ ಸೊನ್ನೆ. ಅಂದ್ರೆ ಕೆ ಹೆಚ್ಚಿದಷ್ಟೂ ಇದು ಇಳೀತಾನೇ ಇರುತ್ತೆ, ಹಾಗಾಗಿ "ಅತಿ ಕಡಿಮೆ ಎಲ್ಲಿ" ಅಂತ ಕೇಳೋಕಾಗಲ್ಲ, "ಇಳಿಯೋದು ಎಲ್ಲಿ ನಿಧಾನ ಆಯ್ತು" ಅಂತ ಕೇಳಬೇಕು. ಅದೇ ಮೊಣಕೈ. ಈ ಯೋಚನೆಯ ಮೂಲವನ್ನ ಸಾಮಾನ್ಯವಾಗಿ ರಾಬರ್ಟ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರ 1953ರ ಲೇಖನಕ್ಕೆ ಒಯ್ಯುತ್ತಾರೆ.

ಎರಡನೇ ಅಳತೆ ಸಿಲೂಯೆಟ್ ಸ್ಕೋರ್. 1987ರಲ್ಲಿ ಬೆಲ್ಜಿಯಂನ ಪೀಟರ್ ರೂಸೋ ಕೊಟ್ಟದ್ದು. ಅದು ಪ್ರತಿ ಮನೆಗೂ ಎರಡು ಪ್ರಶ್ನೆ ಕೇಳುತ್ತೆ. ನಿನ್ನ ಗುಂಪಿನವರು ನಿನ್ನಿಂದ ಸರಾಸರಿ ಎಷ್ಟು ದೂರ? ಪಕ್ಕದ ಗುಂಪಿನವರು ಎಷ್ಟು ದೂರ? ಎರಡನೆಯದರಿಂದ ಮೊದಲನೆಯದನ್ನ ಕಳೆದು, ಎರಡರಲ್ಲಿ ದೊಡ್ಡದರಿಂದ ಭಾಗಿಸಬೇಕು. 2ನೇ ಕಿಲೋಮೀಟರ್‌ನ ಮನೆಗೆ ಸ್ವಂತ ಗುಂಪು 1 ಕಿ.ಮೀ., ಎದುರು ಗುಂಪು 9 ಕಿ.ಮೀ.; ಸ್ಕೋರ್ 8/9, ಅಂದ್ರೆ 0.89. ಹತ್ತಿರ ಒಂದು ಬಂದರೆ ಸರಿಯಾದ ಮನೆಯಲ್ಲಿದ್ದಾನೆ, ಸೊನ್ನೆ ಬಂದರೆ ಗಡಿಯಲ್ಲಿ ನಿಂತಿದ್ದಾನೆ, ಮೈನಸ್ ಬಂದರೆ ತಪ್ಪು ಮನೆ ಹೊಕ್ಕಿದ್ದಾನೆ. ನಮ್ಮ ಆರು ಮನೆಗಳ ಸರಾಸರಿ, ಕೆ ಎರಡಾದಾಗ 0.85. ಮೊದಲ ಗುಂಪನ್ನ ಒಡೆದು 1, 2 ಒಂದು ಕಡೆ, 3 ಒಂಟಿಯಾಗಿ ಇನ್ನೊಂದು ಕಡೆ ಇಟ್ಟರೆ ಸರಾಸರಿ 0.50ಕ್ಕೆ ಬೀಳುತ್ತೆ. ಎರಡೇ ಸರಿ ಅಂತ ಎರಡು ಅಳತೆಯೂ ಒಪ್ಪಿಕೊಂಡವು. ತೊಂದರೆ ಏನಂದ್ರೆ ನಿಜವಾದ ಡೇಟಾ ಇಷ್ಟು ಒಳ್ಳೆಯವನಲ್ಲ.

ಸಾಕ್ಷಿಗಳು ಜಗಳ ಆಡಿದಾಗ

ಲ್ಯಾಬ್‌ನಲ್ಲಿ ಎಲ್ಲರೂ ಮೊದಲು ಮುಟ್ಟುವ ಡೇಟಾ ಐರಿಸ್. ಎಡ್ಗರ್ ಆಂಡರ್ಸನ್ ಸಂಗ್ರಹಿಸಿದ, 1936ರಲ್ಲಿ ರೊನಾಲ್ಡ್ ಫಿಶರ್ ಬಳಸಿ ಪ್ರಸಿದ್ಧಿ ಮಾಡಿದ 150 ಹೂಗಳ ಅಳತೆ. ಮೂರು ಜಾತಿ, ತಲಾ 50 ಹೂ, ಒಂದೊಂದಕ್ಕೂ ನಾಲ್ಕು ಅಳತೆ. ಜಾತಿಯ ಕಾಲಂ ಮುಚ್ಚಿಟ್ಟು, ಬರೀ ನಾಲ್ಕು ಅಳತೆ ಕೊಟ್ಟು ಕೆ-ಮೀನ್ಸ್ ಓಡಿಸಿ ನೋಡಿ. ಹತ್ತು ನಿಮಿಷದ ಕೆಲಸ, ಯಾರು ಬೇಕಾದರೂ ಮಾಡಬಹುದು.

ಇನರ್ಷಿಯಾ 1, 2, 3, 4 ಗುಂಪಿಗೆ ಕ್ರಮವಾಗಿ ಸುಮಾರು 681, 152, 79, 57. ಮೊಣಕೈ ಎಲ್ಲಿದೆ? ಎರಡರಲ್ಲಿ ಅಂದವರನ್ನೂ ತಪ್ಪು ಅನ್ನೋಕಾಗಲ್ಲ, ಮೂರರಲ್ಲಿ ಅಂದವರನ್ನೂ ತಪ್ಪು ಅನ್ನೋಕಾಗಲ್ಲ. ಸರಿ, ಸಿಲೂಯೆಟ್ ಕೇಳೋಣ. ಎರಡಕ್ಕೆ 0.68, ಮೂರಕ್ಕೆ 0.55. ಅದರ ಮಾತು ಎರಡು. 1979ರ ಡೇವಿಸ್-ಬೌಲ್ಡಿನ್ ಸೂಚ್ಯಂಕದಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು. ಎರಡಕ್ಕೆ 0.40, ಮೂರಕ್ಕೆ 0.66. ಅದೂ ಎರಡೇ ಅನ್ನುತ್ತೆ. 1974ರ ಕ್ಯಾಲಿನ್‌ಸ್ಕಿ-ಹರಬಾಜ್‌ನಲ್ಲಿ ಹೆಚ್ಚು ಬಂದಷ್ಟೂ ಒಳ್ಳೆಯದು. ಎರಡಕ್ಕೆ ಸುಮಾರು 514, ಮೂರಕ್ಕೆ 562, ನಾಲ್ಕಕ್ಕೆ ಮತ್ತೆ ಇಳಿದು 531. ಅದರ ಮಾತು ಮೂರು. ಸಸ್ಯಶಾಸ್ತ್ರದವರೂ ಮೂರೇ ಅಂತಾರೆ.

ಹಾಗಾದ್ರೆ ಸಿಲೂಯೆಟ್ ಸುಳ್ಳು ಹೇಳ್ತಾ? ಇಲ್ಲ. ಸೆಟೋಸಾ ಹೂಗಳು ಉಳಿದವುಗಳಿಂದ ದೂರ ನಿಂತಿವೆ. ವರ್ಸಿಕಲರ್, ವರ್ಜಿನಿಕಾ ಎರಡೂ ಒಂದರ ಮೈಮೇಲೆ ಒಂದು ಬಿದ್ದಿವೆ. ಬರೀ ದೂರದ ಲೆಕ್ಕದಲ್ಲಿ ಅಲ್ಲಿರೋದು ಎರಡು ರಾಶಿ. ಕೆ ಮೂರು ಅಂತ ಬಲವಂತ ಮಾಡಿದರೂ 150ರಲ್ಲಿ 16 ಹೂ ಬೇರೆ ಜಾತಿಯ ಗುಂಪಿಗೆ ಹೋಗಿ ಸೇರುತ್ತವೆ. ಮೂರು ಅನ್ನೋ ಉತ್ತರ ಆ ನಾಲ್ಕು ಕಾಲಂಗಳ ಒಳಗಿನಿಂದ ಬಂದದ್ದಲ್ಲ, ಗಿಡ ನೋಡಿ ಜಾತಿ ಗುರುತಿಸಬಲ್ಲವರು ಹೊರಗಿನಿಂದ ತಂದದ್ದು. ಸಿಲೂಯೆಟ್ ತನಗೆ ಕೇಳಿದ ಪ್ರಶ್ನೆಗೆ ಸರಿಯಾಗೇ ಉತ್ತರ ಕೊಟ್ಟಿತು. ಕೇಳಿದ ಪ್ರಶ್ನೆ ಬೇರೆ, ಬೇಕಾಗಿದ್ದ ಉತ್ತರ ಬೇರೆ.

ಪ್ರತಿ ಅಳತೆಗೂ "ಒಳ್ಳೆಯ ಗುಂಪು" ಅಂದ್ರೆ ಏನು ಅನ್ನೋದರ ಬಗ್ಗೆ ತನ್ನದೇ ಒಂದು ನಂಬಿಕೆ ಇದೆ. ಸಿಲೂಯೆಟ್‌ಗೆ ಲಡ್ಡಿನ ಹಾಗೆ ಉಂಡೆಯಾಗಿರೋದು, ಒಂದಕ್ಕೊಂದು ದೂರ ಇರೋದು ಇಷ್ಟ. ಬಳೆಯೊಳಗೆ ಬಳೆ ಇಟ್ಟ ಹಾಗಿರುವ ಡೇಟಾ ಕೊಟ್ಟು ನೋಡಿ. ನಡುವೆ ತೀರಾ ಪುಟ್ಟ ಬಳೆ, ಸುತ್ತ 10 ಸೆಂ.ಮೀ. ತ್ರಿಜ್ಯದ ದೊಡ್ಡ ಬಳೆ. ದೊಡ್ಡ ಬಳೆಯ ಮೇಲಿನ ಒಂದು ಚುಕ್ಕಿಗೆ ಅದೇ ಬಳೆಯ ಉಳಿದ ಚುಕ್ಕಿಗಳು ಸರಾಸರಿ 12.7 ಸೆಂ.ಮೀ. ದೂರ, ನಡುವಿನ ಪುಟ್ಟ ಬಳೆ 10 ಸೆಂ.ಮೀ. ದೂರ. ಸ್ಕೋರ್ ಮೈನಸ್ 0.21. ಮಗು ಕೂಡ "ಎರಡು ಬಳೆ" ಅಂತ ಬೆರಳಿಟ್ಟು ತೋರಿಸುವ ಜಾಗದಲ್ಲಿ ಹೊರಬಳೆಯ ಪ್ರತಿ ಚುಕ್ಕಿಯೂ ತಪ್ಪು ಮನೆಯಲ್ಲಿದೆ ಅಂತ ಈ ಅಳತೆ ಹೇಳುತ್ತೆ. ಹಾಗಂತ ಅಳತೆ ಕೆಟ್ಟದ್ದು ಅಂತಲ್ಲ. ಉಂಡೆಗಳಿಗೆ ಮಾಡಿದ ತಕ್ಕಡಿಯಲ್ಲಿ ಬಳೆ ತೂಗಿದರೆ ಹೀಗೇ ಆಗೋದು.

ಎಲ್ಲಾ ಆಸೆಯನ್ನೂ ಪೂರೈಸುವ ಒಂದು ವಿಧಾನ ಇರಬಾರದಾ ಅಂತ ಕೇಳಬಹುದು. 2002ರಲ್ಲಿ ಜಾನ್ ಕ್ಲೈನ್‌ಬರ್ಗ್ ಇದಕ್ಕೆ ಗಣಿತದಲ್ಲೇ ಉತ್ತರ ಕೊಟ್ಟರು. ಅವರು ಕೇಳಿದ್ದು ಮೂರೇ ಮೂರು ಗುಣ. ಸೆಂಟಿಮೀಟರ್‌ನಿಂದ ಇಂಚಿಗೆ ಬದಲಿಸಿದರೆ ಗುಂಪು ಬದಲಾಗಬಾರದು. ಸರಿಯಾದ ದೂರಗಳನ್ನ ಕೊಟ್ಟರೆ ಯಾವ ರೀತಿಯ ವಿಂಗಡಣೆ ಬೇಕಾದರೂ ಉತ್ತರವಾಗಿ ಬರುವಂತಿರಬೇಕು. ಗುಂಪಿನ ಒಳಗಿನವರನ್ನ ಇನ್ನೂ ಹತ್ತಿರ ತಂದು, ಹೊರಗಿನವರನ್ನ ಇನ್ನೂ ದೂರ ಸರಿಸಿದರೆ ಗುಂಪು ಹಾಗೇ ಉಳಿಯಬೇಕು. ಕೇಳೋಕೆ ಎಷ್ಟು ನ್ಯಾಯವಾಗಿದೆ! ಆದರೆ ಈ ಮೂರನ್ನೂ ಒಟ್ಟಿಗೆ ಪಾಲಿಸುವ ಕ್ಲಸ್ಟರಿಂಗ್ ವಿಧಾನ ಇರೋಕೆ ಸಾಧ್ಯವೇ ಇಲ್ಲ ಅಂತ ಅವರು ಸಾಧಿಸಿ ತೋರಿಸಿದರು. 2008ರಲ್ಲಿ ಅಕರ್‌ಮನ್ ಮತ್ತು ಬೆನ್-ಡೇವಿಡ್ ಇನ್ನೊಂದು ಮುಖ ತೋರಿಸಿದರು: ಗುಂಪು ಮಾಡುವ ವಿಧಾನಕ್ಕೆ ಆಗದ್ದು ಗುಂಪಿನ ಗುಣಮಟ್ಟ ಅಳೆಯುವ ಅಳತೆಗೆ ಆಗುತ್ತೆ, ಇಂಥ ನಿಯಮಗಳನ್ನ ಪಾಲಿಸುವ ಅಳತೆಗಳು ಇವೆ, ಅದೂ ಒಂದಲ್ಲ ಹಲವು. ಅಂದ್ರೆ ಅಳೆಯೋದು ವ್ಯರ್ಥವಲ್ಲ. ಹಲವು ನ್ಯಾಯವಾದ ಅಳತೆಗಳಲ್ಲಿ ಯಾವುದು ನಮ್ಮ ಕೆಲಸಕ್ಕೆ ಸರಿ ಅನ್ನೋದನ್ನ ಮಾತ್ರ ಗಣಿತ ನಮ್ಮ ಪರವಾಗಿ ಹೇಳಲ್ಲ.

ಗುಂಪೇ ಇಲ್ಲದಿದ್ದರೆ?

ಇದು ನಮ್ಮ ಪ್ರಾಜೆಕ್ಟ್‌ಗಳಲ್ಲಿ ಯಾರೂ ಕೇಳದ ಪ್ರಶ್ನೆ. ಒಂದು ಚೌಕಾಕಾರದ ಗದ್ದೆಯಲ್ಲಿ ರಾಗಿ ಚೆಲ್ಲಿದ ಹಾಗೆ ಎಲ್ಲಾ ಕಡೆ ಸಮನಾಗಿ ಚುಕ್ಕಿ ಹರಡಿ. ಅಲ್ಲಿ ಯಾವ ಗುಂಪೂ ಇಲ್ಲ. ಆದರೂ ಇನರ್ಷಿಯಾ ಲೆಕ್ಕ ಹಾಕಿ. ಒಂದು ಗುಂಪಿಗೆ 100 ಅಂತ ಇಟ್ಟುಕೊಂಡರೆ ಎರಡಕ್ಕೆ ಸುಮಾರು 62, ನಾಲ್ಕಕ್ಕೆ 25, ಒಂಬತ್ತಕ್ಕೆ ಸುಮಾರು 11. ಗ್ರಾಫ್ ಹಾಕಿ ನೋಡಿದರೆ ಅದೇ ಜಾರು, ಅದೇ ಬಾಗು, ನಾಲ್ಕರ ಹತ್ತಿರ ಒಂದು ಚಂದದ ಮೊಣಕೈ! ಇಲ್ಲದ ಗುಂಪಿಗೂ ಮೊಣಕೈ ಬರುತ್ತೆ ಅಂದ್ಮೇಲೆ ಮೊಣಕೈ ಬಂತು ಅನ್ನೋದು ಗುಂಪು ಇದೆ ಅನ್ನೋದಕ್ಕೆ ಪುರಾವೆ ಹೇಗಾಗುತ್ತೆ? ಅದೂ ಅಲ್ಲದೆ ಗ್ರಾಫನ್ನ ಕೆ = 10ರ ತನಕ ಹಾಕಿದರೆ ಬಾಗು ಒಂದು ಕಡೆ ಕಾಣುತ್ತೆ, 30ರ ತನಕ ಎಳೆದರೆ ಇನ್ನೊಂದು ಕಡೆ ಕಾಣುತ್ತೆ. ಜರ್ಮನಿಯ ಎರಿಕ್ ಶೂಬರ್ಟ್ 2023ರಲ್ಲಿ ಪ್ರಕಟಿಸಿದ ಲೇಖನದ ತಲೆಬರಹವೇ ಕೆ-ಮೀನ್ಸ್‌ಗೆ ಎಲ್ಬೋ ಬಳಸೋದನ್ನ ನಿಲ್ಲಿಸಿ ಅನ್ನುವ ಅರ್ಥದ್ದು. ಅದನ್ನ ಬೋಧಿಸೋದೇ ಆದರೆ ಅದರ ತೊಂದರೆಗಳನ್ನೂ ಹೇಳಿ, ಬೇರೆ ವಿಧಾನಗಳನ್ನ ಕಲಿಸಬೇಕು ಅನ್ನೋದು ಅವರ ವಾದ. ನಾವು ಅಷ್ಟು ಕಠೋರ ಅಲ್ಲ. ಆದರೆ ಅದೊಂದನ್ನೇ ತೋರಿಸಿ ಕೂತುಬಿಡೋದನ್ನ ಒಪ್ಪಲ್ಲ.

ಸಿಲೂಯೆಟ್‌ಗೂ ಇದೇ ಕುರುಡು. ಅದಕ್ಕೆ "ಪಕ್ಕದ ಗುಂಪು" ಬೇಕೇ ಬೇಕು, ಹಾಗಾಗಿ ಕೆ = 1 ಅನ್ನೋದನ್ನ ಅದು ಲೆಕ್ಕ ಹಾಕೋಕೇ ಬರಲ್ಲ. ಎರಡರಿಂದ ಹತ್ತರ ತನಕ ಓಡಿಸಿ "ಯಾವುದು ದೊಡ್ಡದು" ಅಂತ ಕೇಳಿದರೆ ಯಾವುದೋ ಒಂದು ಗೆದ್ದೇ ಗೆಲ್ಲುತ್ತೆ. ಹತ್ತು ಜನ ಫೇಲಾದ ಕ್ಲಾಸಿನಲ್ಲೂ ಒಬ್ಬ ಫಸ್ಟ್ ಬಂದಿರ್ತಾನಲ್ಲ, ಹಾಗೆ. ಅದಕ್ಕೇ ಗೆದ್ದದ್ದು ಯಾವುದು ಅನ್ನೋದರ ಜೊತೆಗೆ ಎಷ್ಟರಲ್ಲಿ ಗೆದ್ದಿತು ಅಂತಲೂ ನೋಡಬೇಕು. ಕೌಫ್‌ಮನ್ ಮತ್ತು ರೂಸೋ 1990ರ ತಮ್ಮ ಪುಸ್ತಕದಲ್ಲಿ ಒಂದು ಅಂದಾಜು ಕೊಟ್ಟಿದ್ದಾರೆ: 0.70 ದಾಟಿದರೆ ಗಟ್ಟಿ ರಚನೆ, 0.50ರಿಂದ 0.70 ಪರವಾಗಿಲ್ಲ, 0.25ಕ್ಕಿಂತ ಕಡಿಮೆ ಬಂದರೆ ಹೇಳಿಕೊಳ್ಳುವಂಥ ರಚನೆ ಇಲ್ಲ. 0.21 ಬಂದ ಪ್ರಾಜೆಕ್ಟಿನಲ್ಲಿ "ಆಪ್ಟಿಮಲ್ ಕೆ ಸಿಕ್ಕಿದೆ" ಅಂತ ದಪ್ಪಕ್ಷರದಲ್ಲಿ ಬರೆಯೋದು ಯಾರಿಗೆ ಹೇಳುವ ಸಮಾಧಾನ?

ಸ್ಕೋರ್ ಏರಿಸುವ ಒಂದು ಚಾಲಾಕಿಯೂ ಚಾಲ್ತಿಯಲ್ಲಿದೆ. ಹನ್ನೆರಡು ಕಾಲಂ ಇದ್ದಾಗ ಸಿಲೂಯೆಟ್ ಕಡಿಮೆ ಬಂತು, ಪಿಸಿಎ ಹಾಕಿ ಎರಡಕ್ಕೆ ಇಳಿಸಿದೆವು, ಜಿಗಿದುಬಿಟ್ಟಿತು ಅಂತ ಅದನ್ನ ಸುಧಾರಣೆಯ ಲೆಕ್ಕಕ್ಕೆ ಬರೆಯೋದು. ಎರಡು ಬೇರೆ ಜಾಗದಲ್ಲಿ ಅಳೆದ ದೂರಗಳಿಂದ ಬಂದ ಎರಡು ಸ್ಕೋರ್‌ಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸೋದು, ಕಿಲೋಗೂ ಲೀಟರಿಗೂ ಜಗಳ ಹಚ್ಚಿದ ಹಾಗೆ. ಬಿಸಾಕಿದ ಹತ್ತು ಆಯಾಮಗಳಲ್ಲಿ ಏನಿತ್ತು ಅನ್ನೋದಕ್ಕೆ ಸ್ಕೋರ್ ಜವಾಬ್ದಾರಿ ಹೊರಲ್ಲ.

ಒಂದು ಗುಂಪೂ ಇಲ್ಲ ಅನ್ನೋ ಉತ್ತರಕ್ಕೂ ಅವಕಾಶ ಕೊಡುವ ಅಳತೆ ಇದೆ. 2001ರಲ್ಲಿ ಟಿಬ್ಶಿರಾನಿ, ವಾಲ್ಥರ್, ಹೇಸ್ಟಿ ಕೊಟ್ಟ ಗ್ಯಾಪ್ ಸ್ಟಾಟಿಸ್ಟಿಕ್. ನಮ್ಮ ಡೇಟಾದ ಪಕ್ಕದಲ್ಲಿ ಅಷ್ಟೇ ಗಾತ್ರದ ರಾಗಿ ಚೆಲ್ಲಿದ ಡೇಟಾಗಳನ್ನ ಹುಟ್ಟಿಸಿ, ಅದಕ್ಕಿಂತ ನಮ್ಮದು ಎಷ್ಟು ಬಿಗಿಯಾಗಿದೆ ಅಂತ ನೋಡೋದು ಇದರ ಉಪಾಯ. ಆ ಹೆಸರಿನ ಲೈಬ್ರರಿ ಸಿಗದಿದ್ದರೂ ಪರವಾಗಿಲ್ಲ, ಉಪಾಯವನ್ನ ಕೈಯಾರೆ ಮಾಡಬಹುದು. ಒಂದು ಫಾರ್ ಲೂಪ್ ಸಾಕು.

ಹುಡುಕೋದು ಬೇರೆ, ಹಂಚೋದು ಬೇರೆ

ಇಷ್ಟೆಲ್ಲ ಹೇಳಿದ ಮೇಲೆ ಗುಂಪು ಇಲ್ಲದ ಕಡೆ ಕ್ಲಸ್ಟರಿಂಗ್ ಮಾಡಲೇಬಾರದು ಅಂತ ಅರ್ಥವಾ? ಖಂಡಿತ ಅಲ್ಲ. ನಮ್ಮ ಸಂಘದ ರಾಜ್ಯೋತ್ಸವದ ಟೀ-ಶರ್ಟ್ ತಗೊಳ್ಳಿ. ಸದಸ್ಯರ ಎದೆ ಸುತ್ತಳತೆ ಸಣ್ಣದರಿಂದ ದೊಡ್ಡದಕ್ಕೆ ಎಲ್ಲೂ ಕಡಿಯದೆ ಹರಡಿರುತ್ತೆ. ಅಲ್ಲಿ ಸ್ವಾಭಾವಿಕ ಗುಂಪು ಇಲ್ಲ, ಸಿಲೂಯೆಟ್ ಏನೂ ಹೇಳಿಕೊಳ್ಳುವಂತಿರಲ್ಲ. ಹಾಗಂತ ಒಬ್ಬೊಬ್ಬರಿಗೂ ಒಂದೊಂದು ಅಳತೆ ಹೊಲಿಸೋಕಾಗುತ್ತಾ? ಎಸ್, ಎಂ, ಎಲ್, ಎಕ್ಸ್‌ಎಲ್ ಅಂತ ನಾಲ್ಕು ಮಾಡ್ತೀವಿ. ಯಾಕೆ ನಾಲ್ಕು? ಪ್ರಿಂಟ್ ಹಾಕುವವನು ಒಂದೊಂದು ಸೈಜಿಗೂ ಇಂತಿಷ್ಟು ಕನಿಷ್ಠ ಆರ್ಡರ್ ಕೇಳ್ತಾನೆ, ನಮ್ಮ ಬಜೆಟ್ ಇಷ್ಟಿದೆ, ತೋಳು ಒಂದಿಂಚು ಸಡಿಲ ಇದ್ದರೆ ಯಾರೂ ದೂರಲ್ಲ. ಕೆ ಬಂದದ್ದು ಡೇಟಾದೊಳಗಿಂದ ಅಲ್ಲ, ಕೆಲಸದಿಂದ.

ಕೆ-ಮೀನ್ಸ್ ಹುಟ್ಟಿದ್ದೇ ಹೀಗೆ ಅನ್ನೋದು ಇಸಿ ಬ್ರಾಂಚಿನವರಿಗೆ ಖುಷಿ ಕೊಡುವ ಸಂಗತಿ. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಲಾಯ್ಡ್ 1957ರಲ್ಲಿ ಇದನ್ನ ಬರೆದದ್ದು ಪಿಸಿಎಂನಲ್ಲಿ ಸಿಗ್ನಲ್ಲನ್ನ ಕ್ವಾಂಟೈಸ್ ಮಾಡೋಕೆ. ಅದು ಅಚ್ಚಾದದ್ದು 1982ರಲ್ಲಿ. ಕೆ-ಮೀನ್ಸ್ ಅನ್ನೋ ಹೆಸರು ಬಂದದ್ದು 1967ರ ಮ್ಯಾಕ್‌ಕ್ವೀನ್ ಲೇಖನದಿಂದ. ಕ್ವಾಂಟೈಸ್ ಮಾಡುವಾಗ "ಈ ಸಿಗ್ನಲ್‌ನಲ್ಲಿ ನಿಜವಾಗಿ ಎಷ್ಟು ಮಟ್ಟಗಳಿವೆ" ಅಂತ ಯಾರೂ ಹುಡುಕಲ್ಲ. ಎಂಟು ಬಿಟ್ ಇದ್ದರೆ 256 ಮಟ್ಟ. ಕೆ ಎಷ್ಟು ಅಂತ ಹೇಳೋದು ಬಿಟ್‌ಗಳು. 256 ಮಟ್ಟಗಳನ್ನ ಎಲ್ಲೆಲ್ಲಿ ಇಟ್ಟರೆ ತಪ್ಪು ಕಡಿಮೆ ಅನ್ನೋದಷ್ಟೇ ಲಾಯ್ಡ್‌ರ ಪ್ರಶ್ನೆ.

ಆದ್ದರಿಂದ ಪ್ರಾಜೆಕ್ಟ್ ಶುರುವಾಗುವ ಮೊದಲೇ ಕೇಳಿಕೊಳ್ಳಬೇಕಾದ್ದು ಇದು: ನಾವು ಡೇಟಾದಲ್ಲಿ ಇರುವ ಗುಂಪನ್ನ ಹುಡುಕ್ತಿದ್ದೀವಾ, ಅಥವಾ ನಮ್ಮ ಅನುಕೂಲಕ್ಕೆ ಹಂಚ್ತಿದ್ದೀವಾ? ಹುಡುಕೋದಾದರೆ ಅಳತೆಗಳ ಸಾಕ್ಷಿ ಬೇಕು, "ಇಲ್ಲ" ಅನ್ನೋ ಉತ್ತರಕ್ಕೂ ತಯಾರಿರಬೇಕು. ಹಂಚೋದಾದರೆ ಖರ್ಚು, ಜಾಗ, ಜನ, ಸಮಯ ಇವೇ ಕೆ ಹೇಳಬೇಕು, ಹಾಗೆ ಹೇಳಿಕೊಳ್ಳೋಕೆ ನಾಚಿಕೆ ಬೇಡ. ಹಂಚಿದ್ದನ್ನ ಹುಡುಕಿದ್ದು ಅಂತ ಹೇಳೋದೇ ತಪ್ಪು.

ಹಣೆಪಟ್ಟಿ ಯಾರಿಗೆ?

ಟೀ-ಶರ್ಟ್‌ನಲ್ಲಿ ಈ ತಪ್ಪಾದರೆ ತೋಳು ಬಿಗಿ ಆಗುತ್ತೆ ಅಷ್ಟೇ. ಮನುಷ್ಯರ ವಿಷಯದಲ್ಲಿ ಆದರೆ? "ವಿದ್ಯಾರ್ಥಿಗಳ ಸಾಧನೆಯ ಕ್ಲಸ್ಟರಿಂಗ್" ಅನ್ನೋದು ನಮ್ಮಲ್ಲಿ ಬಹಳ ಜನಪ್ರಿಯವಾದ ಮಿನಿ ಪ್ರಾಜೆಕ್ಟ್. ಇಂಟರ್ನಲ್ಸ್ ಮಾರ್ಕ್ಸ್, ಅಟೆಂಡೆನ್ಸ್, ಹಿಂದಿನ ಸೆಮ್ ಸಿಜಿಪಿಎ ಹಾಕಿ, ಕೆ = 3 ಅಂತ ಓಡಿಸಿ, ಬಂದ ಗುಂಪುಗಳಿಗೆ "ಸ್ಲೋ ಲರ್ನರ್", "ಆವರೇಜ್", "ಅಡ್ವಾನ್ಸ್ಡ್" ಅಂತ ಹೆಸರಿಡೋದು. ಗುಂಪು ಬರುವ ಮೊದಲೇ ಹೆಸರು ಮೂರು ಸಿದ್ಧ ಇರುತ್ತೆ. ಆಮೇಲೆ ಹಾಕುವ ಎಲ್ಬೋ ಗ್ರಾಫ್, ಮದುವೆ ಗೊತ್ತಾದ ಮೇಲೆ ಜಾತಕ ನೋಡಿದ ಹಾಗೆ.

ಅರವತ್ತು ಜನರ ಕ್ಲಾಸಿನ ಮಾರ್ಕ್ಸ್ ಸಾಮಾನ್ಯವಾಗಿ ಮೂರು ರಾಶಿಯಾಗಿ ಬೀಳಲ್ಲ, ನಡುವೆ ದಟ್ಟವಾಗಿ, ಎರಡು ಕಡೆ ತೆಳ್ಳಗೆ ಹರಡಿರುತ್ತೆ. ಕೆ-ಮೀನ್ಸ್ ಆ ದಟ್ಟ ಜಾಗದ ಮಧ್ಯವೇ ಕತ್ತರಿ ಹಾಕುತ್ತೆ. ಒಂದೇ ಬೆಂಚಿನಲ್ಲಿ ಕೂತು, ಒಂದೇ ನೋಟ್ಸ್ ಓದಿ, ಎರಡು ಮಾರ್ಕ್ಸ್ ಅಂತರದಲ್ಲಿರುವ ಇಬ್ಬರಲ್ಲಿ ಒಬ್ಬಳು "ಆವರೇಜ್", ಇನ್ನೊಬ್ಬಳು "ಸ್ಲೋ". ಅವಳ ಸ್ವಂತ ಸಿಲೂಯೆಟ್ ಸ್ಕೋರ್ ಸೊನ್ನೆಯ ಹತ್ತಿರ ಇರುತ್ತೆ. ಅಂದ್ರೆ ಅಲ್ಗಾರಿದಮ್ಮೇ ಕೈಯೆತ್ತಿ "ಇವಳು ಯಾವ ಗುಂಪು ಅಂತ ನಂಗೊತ್ತಿಲ್ಲ" ಅಂತಿದೆ. ನಾವು ಸರಾಸರಿ 0.48 ಅಂತ ಒಂದೇ ಸಂಖ್ಯೆ ಬರೆದರೆ ಅವಳ ಸೊನ್ನೆ ಅದರಲ್ಲಿ ಮುಳುಗಿಹೋಗುತ್ತೆ. ರೂಸೋ ಸಿಲೂಯೆಟ್ ಅನ್ನ ಕೊಟ್ಟದ್ದೇ ಚಿತ್ರವಾಗಿ: ಪ್ರತಿ ಚುಕ್ಕಿಗೂ ಒಂದು ಪಟ್ಟಿ, ಗಡಿಯಲ್ಲಿರುವವರು ಯಾರು ಅಂತ ಕಣ್ಣಿಗೆ ಕಾಣುವ ಹಾಗೆ. ಚಿತ್ರ ಬಿಟ್ಟು ಸರಾಸರಿ ಮಾತ್ರ ಇಟ್ಟುಕೊಂಡದ್ದು ನಂತರದವರ ಅವಸರ.

ಇದು ಕ್ಲಾಸ್‌ರೂಮಿಗೆ ಮಾತ್ರ ಸೀಮಿತವಾದ ವಿಷಯ ಅಲ್ಲ. ನಮ್ಮ ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ನೆನಪಿಸಿಕೊಳ್ಳಿ. ಆಗಿದ್ದ 175 ತಾಲ್ಲೂಕುಗಳನ್ನ 35 ಸೂಚಕಗಳಿಂದ ಅಳೆದು, ಒಂದು ಸೂಚ್ಯಂಕ ಕಟ್ಟಿ, 114 ತಾಲ್ಲೂಕು ಹಿಂದುಳಿದಿವೆ ಅಂತ ಗುರುತಿಸಿದರು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ಉಳಿದ 61 ತುಲನಾತ್ಮಕವಾಗಿ ಮುಂದುವರಿದವು. ಇಲ್ಲಿ ಕೆ-ಮೀನ್ಸ್ ಇರಲಿಲ್ಲ, ಸೂಚ್ಯಂಕದ ಮೇಲೆ ಗೆರೆ ಎಳೆದು ಭಾಗ ಮಾಡಿದ್ದು. ಆದರೆ ಪ್ರಶ್ನೆ ನಮ್ಮದೇ: ಎಷ್ಟು ಗುಂಪು, ಗೆರೆ ಎಲ್ಲಿ? ಆ ಪಟ್ಟಿಯ ಆಧಾರದ ಮೇಲೆ ವಿಶೇಷ ಅಭಿವೃದ್ಧಿ ಯೋಜನೆಯ ಹಣ ಹರಿಯಿತು. ಗೆರೆಯ ಆಚೆ ಈಚೆ ಬಿದ್ದ ತಾಲ್ಲೂಕುಗಳಿಂದ ಬಂದವರು ನಮ್ಮ ಹಾಸ್ಟೆಲ್ಲಿನಲ್ಲೇ ಇದ್ದಾರೆ. ಆ ವರದಿಯ ಬಗ್ಗೆ ತಕರಾರು ಇರುವವರು ಇರಬಹುದು, ಆದರೆ ಒಂದು ಮಾತು ಒಪ್ಪಲೇಬೇಕು. ಯಾವ ಸೂಚಕ, ಯಾವ ಗೆರೆ, ಯಾಕೆ ಅನ್ನೋದೆಲ್ಲ ಕಾಗದದ ಮೇಲಿದೆ. ಹಾಗಾಗಿ ಇಷ್ಟು ವರ್ಷ ಅದರ ಜೊತೆ ವಾದ ಮಾಡೋಕಾಯ್ತು, ಸೂಚಕ ಬದಲಿಸಿ ಅಂತ ಕೇಳೋಕಾಯ್ತು. "ಕಂಪ್ಯೂಟರ್ ಹೀಗೇ ಹೇಳಿತು" ಅಂದಿದ್ದರೆ ಯಾರ ಹತ್ತಿರ ಹೋಗಿ ಜಗಳ ಆಡಬೇಕಿತ್ತು?

ಹಾಗಾದ್ರೆ ಏನು ಮಾಡೋಣ?

ಇದಕ್ಕೆ ಬರುವ ಆಕ್ಷೇಪಣೆ ನಮಗೆ ಗೊತ್ತು. "ಒಂದು ಸೆಮಿಸ್ಟರಿನ ಪ್ರಾಜೆಕ್ಟು, ನಾಲ್ಕು ಜನರ ಟೀಮು, ಇಬ್ಬರು ಮಾತ್ರ ಕೆಲಸ ಮಾಡೋದು, ಇದರಲ್ಲಿ ಇಷ್ಟೆಲ್ಲ ಎಲ್ಲಿಂದ?" ನ್ಯಾಯವಾದ ಮಾತೇ. ಆದರೆ ನಾವು ಕೇಳ್ತಿರೋದು ಒಂದು ಸಂಜೆಯ ಕೆಲಸ.

ಒಂದು, ಕೋಡ್ ಬರೆಯುವ ಮೊದಲು ಒಂದು ವಾಕ್ಯ ಬರೆಯಿರಿ: ಈ ಗುಂಪುಗಳನ್ನ ಇಟ್ಟುಕೊಂಡು ಯಾರು ಏನು ಮಾಡ್ತಾರೆ? ಉತ್ತರ ಇಲ್ಲದಿದ್ದರೆ ಆ ಕ್ಲಸ್ಟರಿಂಗ್ ಊಟಕ್ಕಿಲ್ಲದ ಉಪ್ಪಿನಕಾಯಿ.

ಎರಡು, ಕಾಲಂಗಳನ್ನ ಒಂದೇ ಅಳತೆಗೆ ತನ್ನಿ. 600ಕ್ಕೆ ತೆಗೆದ ಮಾರ್ಕ್ಸ್ ಮತ್ತು 10ಕ್ಕೆ ತೆಗೆದ ಸಿಜಿಪಿಎ ಹಾಗೇ ಹಾಕಿದರೆ ದೂರವನ್ನೆಲ್ಲ ಮಾರ್ಕ್ಸೇ ನಿರ್ಧರಿಸುತ್ತೆ, ಸಿಜಿಪಿಎ ಹೆಸರಿಗೆ ಮಾತ್ರ ಇರುತ್ತೆ.

ಮೂರು, ಒಂದೇ ಅಳತೆ ನೆಚ್ಚಬೇಡಿ. ಕನಿಷ್ಠ ಮೂರು ಹಾಕಿ, ಅವು ಜಗಳ ಆಡಿದರೆ ಆ ಜಗಳವನ್ನೇ ರಿಪೋರ್ಟಿನಲ್ಲಿ ಬರೆಯಿರಿ. ಐರಿಸ್‌ನಂಥ ಐರಿಸ್‌ನಲ್ಲೇ ಅವು ಒಪ್ಪಲಿಲ್ಲ. ನಿಮ್ಮದರಲ್ಲಿ ಎಲ್ಲವೂ ಮೂರೇ ಅಂದರೆ ಎಕ್ಸಾಮಿನರ್‌ಗೆ ಅನುಮಾನ ಬರಬೇಕಾದ್ದು ಆಗಲೇ.

ನಾಲ್ಕು, ರಾಗಿ ಚೆಲ್ಲಿ. ಅಷ್ಟೇ ಸಾಲು, ಅಷ್ಟೇ ಕಾಲಂ ಇರುವ ರ್‍ಯಾಂಡಮ್ ಡೇಟಾ ಮೇಲೆ ಅದೇ ಕೋಡ್ ಓಡಿಸಿ. ನಿಮ್ಮ ಸ್ಕೋರ್ ಅದಕ್ಕಿಂತ ಹೇಳಿಕೊಳ್ಳುವಷ್ಟು ಮೇಲಿಲ್ಲದಿದ್ದರೆ ಗುಂಪು ಸಿಕ್ಕಿತು ಅನ್ನಬೇಡಿ.

ಐದು, ಸೀಡ್ ಬದಲಿಸಿ ಇಪ್ಪತ್ತು ಸಲ ಓಡಿಸಿ, ಡೇಟಾದ ಹತ್ತನೇ ಒಂದು ಭಾಗ ತೆಗೆದು ಮತ್ತೆ ಓಡಿಸಿ. ಪ್ರತಿ ಸಲವೂ ಜನ ಗುಂಪು ಬದಲಿಸ್ತಾ ಇದ್ದರೆ ಆ ಕೆ ನಿಲ್ಲೋ ಕೆ ಅಲ್ಲ. ಎರಡು ವಿಂಗಡಣೆ ಎಷ್ಟು ಹೋಲುತ್ತೆ ಅಂತ ಅಳೆಯೋಕೆ ಅಡ್ಜಸ್ಟೆಡ್ ರ್‍ಯಾಂಡ್ ಇಂಡೆಕ್ಸ್ ಇದೆ, ಒಂದು ಸಾಲಿನ ಕೋಡು.

ಆರು, ಕೆಗಿಂತ ಒಂದು ಕಡಿಮೆ, ಒಂದು ಹೆಚ್ಚು ಇಟ್ಟು ನೋಡಿ, ನಿಮ್ಮ ತೀರ್ಮಾನ ಬದಲಾಗುತ್ತಾ ಅಂತ ಬರೆಯಿರಿ. ಮನುಷ್ಯರ ಡೇಟಾ ಆಗಿದ್ದರೆ ಸಿಲೂಯೆಟ್‌ನ ಪೂರ್ತಿ ಚಿತ್ರ ಹಾಕಿ. ಗಡಿಯಲ್ಲಿರುವವರಿಗೆ ಹೆಸರು ಹಚ್ಚುವ ಮೊದಲು ಇನ್ನೊಮ್ಮೆ ಯೋಚಿಸಿ.

ಮೌಲ್ಯಮಾಪನ ಮಾಡುವ ಮೇಷ್ಟ್ರುಗಳಿಗೂ ನಮ್ಮದೊಂದು ವಿನಂತಿ. "ಆಪ್ಟಿಮಲ್ ಕೆ ಎಷ್ಟು ಬಂತು?" ಅಂತ ಕೇಳಿದರೆ ನಮ್ಮವರು ಒಂದು ಸಂಖ್ಯೆ ಹೇಳಿ ಸುಮ್ಮನಾಗ್ತಾರೆ. "ಇದೇ ಕೆ ಯಾಕೆ ಆರಿಸಿಕೊಂಡ್ರಿ, ಬೇರೆ ಆರಿಸಿದ್ರೆ ಯಾರಿಗೆ ಏನಾಗ್ತಿತ್ತು?" ಅಂತ ಕೇಳಿ. "ಈ ಡೇಟಾದಲ್ಲಿ ಗಟ್ಟಿಯಾದ ಗುಂಪು ಸಿಗಲಿಲ್ಲ, ಇವೇ ಕಾರಣ" ಅಂತ ಒಂದು ಟೀಮ್ ಪುರಾವೆ ಸಮೇತ ಬಂದು ಹೇಳಿದರೆ ಅವರಿಗೆ ಮಾರ್ಕ್ಸ್ ಕಡಿಮೆ ಮಾಡಬೇಡಿ. ಸುಳ್ಳು ಮೊಣಕೈಗೆ ವೃತ್ತ ಹಾಕಿದವರಿಗಿಂತ ಅವರು ಹೆಚ್ಚು ಕಲಿತಿರ್ತಾರೆ. ಆ ಭರವಸೆ ಇಲ್ಲದಿದ್ದರೆ ವಿದ್ಯಾರ್ಥಿಗಳು ನಿಜ ಹೇಳೋ ಧೈರ್ಯ ಮಾಡಲ್ಲ, ಅದರಲ್ಲಿ ಅವರದ್ದೊಂದೇ ತಪ್ಪು ಅಂತಲೂ ಹೇಳೋಕಾಗಲ್ಲ.

ಈ ಸೆಮಿಸ್ಟರಿನಲ್ಲಿ ಕ್ಲಸ್ಟರಿಂಗ್ ಪ್ರಾಜೆಕ್ಟ್ ಮಾಡ್ತಿರುವ ಟೀಮ್‌ಗಳಿಗೆ ಕೊನೆಯದಾಗಿ ಒಂದು ಮಾತು. ರಿಪೋರ್ಟಿನಲ್ಲಿ "ಕೆ = 3" ಅಂತ ಬರೆದ ಸಾಲಿನ ಕೆಳಗೆ "ಯಾಕೆಂದರೆ" ಅಂತ ಒಂದು ಪದ ಬರೆದು, ಅದರ ಮುಂದೆ ನಿಮ್ಮದೇ ಮಾತಿನಲ್ಲಿ ಒಂದು ಪ್ಯಾರಾ ತುಂಬಿಸೋಕೆ ಆಗುತ್ತಾ ನೋಡಿ. ಆದರೆ ನಮಗೂ ಕಳಿಸಿ. ಒಳ್ಳೆಯವನ್ನ ಮುಂದಿನ ಸಂಚಿಕೆಯಲ್ಲಿ ಹಾಕೋಣ, ಒಪ್ಪದವರು ವಾದ ಮಾಡಲಿ.